ಮರುಭೂಮಿಯಲ್ಲಿ ಟ್ರೇಲರ್, ಕೈಯಲ್ಲಿ ಬ್ಯಾಟರಿ

ಅಮೆರಿಕದಲ್ಲಿರುವ ಕನ್ನಡದ ಗೆಳೆಯರೇ, ಟ್ರೇಲರ್ ಎಳೆದುಕೊಂಡು ಅರಿಝೋನಾದ ಮರುಭೂಮಿಗೆ ಹೊರಟಿದ್ದೀರಾ? ಅಲ್ಲಿನ ಬಯಲಿನಲ್ಲಿ ಕರೆಂಟಿನ ಕಂಬ ಇರುವುದಿಲ್ಲ. ಇರುವುದು ನಿಮ್ಮ ಬ್ಯಾಟರಿ ಮಾತ್ರ.

ಹಳೆಯ ಬಗೆಯ ಲೆಡ್-ಆಸಿಡ್ ಬ್ಯಾಟರಿಯಾದರೆ ಒಂದು ಮಾತು ನೆನಪಿಡಿ: 100 ಆಂಪ್-ಅವರ್ ಎಂದು ಬರೆದಿದ್ದರೂ ಬಳಸಬೇಕಾದದ್ದು 50 ಮಾತ್ರ. ಅದಕ್ಕಿಂತ ಕೆಳಗಿಳಿಸುತ್ತಾ ಹೋದರೆ ಆಯಸ್ಸೇ ಕಡಿಮೆಯಾಗುತ್ತದೆ. ಏನನ್ನೂ ಓಡಿಸದೆ ಸ್ವಲ್ಪ ಹೊತ್ತು ಬಿಟ್ಟು ಮೀಟರ್ ನೋಡಿ, 12.1 ವೋಲ್ಟ್ ತೋರಿಸಿದರೆ ಅರ್ಧ ಖಾಲಿ ಎಂದರ್ಥ.

ಹೆಚ್ಚಿನವರು ದೀಪ ಆರಿಸುವುದರಲ್ಲೇ ಉಳಿತಾಯ ಹುಡುಕುತ್ತಾರೆ. ಎಲ್‌ಇಡಿ ದೀಪ ತಿನ್ನುವುದು ತೀರಾ ಕಡಿಮೆ. ನಿಜವಾಗಿ ತಿನ್ನುವುದು ಹೀಟರಿನ ಫ್ಯಾನ್. ಉರಿಯುವುದು ಗ್ಯಾಸೇ ಆದರೂ ಬಿಸಿಗಾಳಿ ತಳ್ಳುವ ಆ ಫ್ಯಾನಿಗೆ ಸುಮಾರು 7-8 ಆಂಪ್ ಬೇಕು. ಮರುಭೂಮಿಯ ಚಳಿರಾತ್ರಿಯಲ್ಲಿ ಒಟ್ಟು ಆರು ಗಂಟೆ ತಿರುಗಿದರೆ ನಿಮ್ಮ 50 ಬಹುಪಾಲು ಮುಗಿಯಿತು. ಥರ್ಮೋಸ್ಟಾಟ್ ಇಳಿಸಿ, ದಪ್ಪ ರಜಾಯಿ ಹೊದೆಯಿರಿ.

ಇನ್ನು ನಮ್ಮ ಅನ್ನದ ವಿಷಯ. 600 ವಾಟಿನ ರೈಸ್ ಕುಕ್ಕರನ್ನು ಇನ್ವರ್ಟರಿನಲ್ಲಿ ಅರ್ಧ ಗಂಟೆ ಇಟ್ಟರೆ 25ಕ್ಕೂ ಹೆಚ್ಚು ಆಂಪ್-ಅವರ್ ಹೋಗುತ್ತದೆ. ಸೀಟಿ ಹೊಡೆಯುವ ಪ್ರೆಷರ್ ಕುಕ್ಕರ್ ಒಯ್ದು ಗ್ಯಾಸಿನ ಮೇಲೆ ಇಡಿ. ಚಟ್ನಿಗೆ ಮಿಕ್ಸಿ ಎರಡು ನಿಮಿಷ ತಿರುಗಿಸಿದರೆ ಚಿಂತೆಯಿಲ್ಲ.

ಸೌರಫಲಕವನ್ನು ಮರದ ನೆರಳು ತಾಗದಂತೆ ಇಡಿ. ನಿಮ್ಮದು ಲಿಥಿಯಂ ಬ್ಯಾಟರಿಯಾದರೆ ಅದನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬೇಡಿ.

ಎಷ್ಟೇ ಉಳಿಸಬೇಕೆನಿಸಿದರೂ, ಗ್ಯಾಸ್ ಸೋರಿಕೆ ಮತ್ತು ಕಾರ್ಬನ್ ಮಾನಾಕ್ಸೈಡ್ ಎಚ್ಚರಿಸುವ ಅಲಾರಂಗಳನ್ನು ಮಾತ್ರ ದಯವಿಟ್ಟು ಆರಿಸಬೇಡಿ.