ವೆಬ್‌ಸೈಟ್‌ಗೂ ಮೊದಲು ಹಾಳೆ-ಪೆನ್ಸಿಲ್!

"ಹಣ್ಣು ಇದೆಯೋ, ಮುಗೀತೋ ಎಲ್ಲೂ ಕಾಣಲಿಲ್ಲ. ಹುಡುಕಿ ಸಾಕಾಗಿ ಬೇರೆ ಕಡೆ ತಗೊಂಡ್ವಿ."

ಬೆಂಗಳೂರಿನ ಗಿರಾಕಿಯೊಬ್ಬರು ಫೋನಿನಲ್ಲಿ ಹೀಗೆಂದಾಗ ನಮಗೆ ನಾಚಿಕೆಯಾಯ್ತು. ಚಿಂತಾಮಣಿ ಕಡೆಯ ನಾವು ಕೆಲವು ಮಾವು ಬೆಳೆಗಾರರು ಕೈಯಿಂದ ದುಡ್ಡು ಹಾಕಿ ವೆಬ್‌ಸೈಟ್ ಮಾಡಿಸಿದ್ದೆವು. ತೆರೆದೊಡನೆ ನಮ್ಮದೇ ಗುಂಪು ಫೋಟೊ, ಕೆಳಗೆ ಉದ್ಘಾಟನೆಯ ವರದಿ. ಬೆಲೆ ಇದ್ದುದು ನಾಲ್ಕನೆಯ ಪುಟದಲ್ಲಿ. ಅದೂ ಹಿಂದಿನ ವರ್ಷದ್ದು! ಆ ಸಲ ಬಹುಪಾಲು ಹಣ್ಣು ಮಂಡಿಗೇ ಹೋಯ್ತು. ತಪ್ಪು ಮಾಡಿಕೊಟ್ಟವರದಲ್ಲ. ಬರುವವರಿಗೆ ಏನು ಬೇಕೆಂದು ನಾವೇ ಯೋಚಿಸಿರಲಿಲ್ಲ.

ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದ ರೀಲರ್ ಮೊದಲು ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಬೆಳೆದವನ ಮನೆತನದ ಕಥೆ ಕೇಳುವುದಿಲ್ಲ. ವೆಬ್‌ಸೈಟಿಗೆ ಬರುವವನೂ ಅಷ್ಟೆ. ಅವನ ಪ್ರಶ್ನೆಗೆ ಉತ್ತರ ಮೊದಲು. ನಮ್ಮ ಕಥೆ ಆಮೇಲೆ. ಎರಡನೆಯ ಸಲ ನಾವು ಮಾಡಿದ ಕ್ರಮ ಹೀಗಿದೆ.

ಪ್ರಶ್ನೆ ಬರೆದಿಡಿ: ಒಂದು ವಾರ ಫೋನಿನಲ್ಲಿ ಜನ ಕೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದೆವು. ಯಾವ ಹಣ್ಣು ಇದೆ? ಕಿಲೋಗೆ ಎಷ್ಟು? ಮನೆಗೆ ಕಳಿಸ್ತೀರಾ? ಕಾರ್ಬೈಡ್ ಹಾಕ್ತೀರಾ? ಹೆಚ್ಚು ಸಲ ಬಂದ ಪ್ರಶ್ನೆಗೆ ಮೊದಲ ಜಾಗ. ಬೆಳೆಗೆ ತಕ್ಕಂತೆ ಪ್ರಶ್ನೆ ಬೇರೆ. ಚಿಕ್ಕಬಳ್ಳಾಪುರದ ದ್ರಾಕ್ಷಿಯವರಿಗೆ ಕೊಯ್ಲು ಯಾವಾಗ, ಎಷ್ಟು ಟನ್ ಎಂಬುದು ಮುಖ್ಯ. ಗೌರಿಬಿದನೂರಿನ ಮೆಕ್ಕೆಜೋಳದವರಿಗೆ ತೇವಾಂಶ ಎಷ್ಟು, ಲಾರಿ ಹೊಲದವರೆಗೆ ಬರುತ್ತದೆಯೇ ಎಂಬುದು.

ಚೀಟಿ ಗುಡ್ಡೆ ಮಾಡಿ: ಹಾಕಬೇಕಾದ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಗುಂಪಿಗೆ ಸೇರದ ನಾಲ್ಕೈದು ಜನರ ಕೈಗೆ ಕೊಡಿ. ಜೊತೆಯಲ್ಲಿರಬೇಕಾದ್ದನ್ನು ಅವರೇ ಗುಡ್ಡೆ ಮಾಡಲಿ, ಹೆಸರೂ ಇಡಲಿ. ನಾವು 'ಉತ್ಪನ್ನಗಳು' ಎಂದಿದ್ದೆವು. ಅವರು ಇಟ್ಟ ಹೆಸರು 'ಈಗ ಸಿಗುವ ಹಣ್ಣು'. ಯಾವುದು ಚೆನ್ನ, ನೀವೇ ಹೇಳಿ.

ಮೊದಲ ಪುಟ ಬರೆಯಿರಿ: ಹೆಚ್ಚಿನವರು ನೋಡುವುದು ಮೊಬೈಲಿನಲ್ಲೇ. ಅದರಷ್ಟೇ ಅಗಲದ ಕಾಗದ ಕತ್ತರಿಸಿ ಮೊದಲ ಪುಟ ಬರೆಯಿರಿ. ತಳಿ, ಬೆಲೆ, ಬೆಲೆಯ ತಾರೀಕು, ಫೋನ್ ನಂಬರ್ ಅಷ್ಟರಲ್ಲಿ ಹಿಡಿಯಬೇಕು. ರಾಜ್ಯದ ಮಾವು ನಿಗಮದ 'ಕರ್ಸಿರಿ ಮ್ಯಾಂಗೋಸ್' ತಾಣದ ಮೂಲಕ ಬೆಳೆಗಾರರ ಹಣ್ಣು 3 ಕಿಲೋ ಪೆಟ್ಟಿಗೆಗಳಲ್ಲಿ ಅಂಚೆಯವರ ಕೈಯಿಂದ ಬೆಂಗಳೂರಿನ ಮನೆಗಳಿಗೆ ತಲುಪಿದೆ. ಪೆಟ್ಟಿಗೆಯ ಲೆಕ್ಕದಲ್ಲಿ ಬೆಲೆ ಹೇಳಿದರೆ ಮನೆಯವರಿಗೆ ಸುಲಭ.

ಬಾಯಿ ಮುಚ್ಚಿ ಪರೀಕ್ಷಿಸಿ: ಗೊತ್ತಿಲ್ಲದವರ ಕೈಗೆ ಮೊಬೈಲ್ ಕೊಟ್ಟು "ಎರಡು ಪೆಟ್ಟಿಗೆ ಮಲ್ಲಿಕಾ ತರಿಸಿ" ಎನ್ನಿ. ಎಲ್ಲಿ ತಡವರಿಸುತ್ತಾರೋ ಗುರುತು ಹಾಕಿಕೊಳ್ಳಿ. "ಅಲ್ಲಿ ಒತ್ತಿ" ಅಂತ ಹೇಳಬಾರದು. ಐದು ಜನರನ್ನು ಹೀಗೆ ಗಮನಿಸಿದರೆ ಹೆಚ್ಚಿನ ದೋಷ ಸಿಕ್ಕಿಬೀಳುತ್ತವೆ ಎಂದು ಈ ವಿಷಯದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ನಮಗೆ ಮೂರನೆಯವರಲ್ಲೇ ಗೊತ್ತಾಯ್ತು: ಫೋನ್ ನಂಬರ್ ಚಿತ್ರದೊಳಗೆ ಸೇರಿತ್ತು, ಒತ್ತಿದರೆ ಕರೆ ಹೋಗುತ್ತಿರಲಿಲ್ಲ.

ಇನ್ನು ಕೆಲವು ಎಚ್ಚರಿಕೆ. ಕನ್ನಡವನ್ನು ಯುನಿಕೋಡ್‌ನಲ್ಲೇ ಹಾಕಿಸಿ. ಹಳೆಯ ಫಾಂಟ್‌ಗಳಲ್ಲಿ ಹೊಡೆದದ್ದು ಹುಡುಕಿದರೆ ಸಿಗುವುದಿಲ್ಲ, ಎಷ್ಟೋ ಮೊಬೈಲಿನಲ್ಲಿ ಗೀಚಿದಂತೆ ಕಾಣುತ್ತದೆ. ಫೋಟೊಗಳನ್ನು ಕಿರಿದು ಮಾಡಿಸಿ. ಸಿಗ್ನಲ್ ಕಮ್ಮಿಯಿದ್ದರೂ ಬೇಗ ತೆರೆಯಲಿ. ವೆಬ್‌ಸೈಟಿನ ವಿಳಾಸ ಗುಂಪಿನ ಹೆಸರಲ್ಲೇ ನೋಂದಣಿಯಾಗಲಿ, ಮಾಡಿಕೊಟ್ಟವರ ಹೆಸರಲ್ಲಿ ಬೇಡ. ಅವಧಿ ಮುಗಿಯುವ ಮುಂಚೆ ನವೀಕರಿಸದಿದ್ದರೆ ಆ ವಿಳಾಸ ಬೇರೆಯವರ ಪಾಲಾದೀತು. ಬೆಲೆ ಬದಲಿಸುವ ಕೆಲಸ ಒಬ್ಬರ ತಲೆಗೆ ಕಟ್ಟಿ. 'ಎಲ್ಲರೂ ಮಾಡೋಣ' ಅಂದರೆ ಯಾರೂ ಮಾಡುವುದಿಲ್ಲ. ಹಣ್ಣು ಮುಗಿದ ದಿನವೇ 'ಮುಗಿದಿದೆ' ಎಂದು ಬರೆಯಿರಿ.

ಎಲ್ಲರಿಗೂ ವೆಬ್‌ಸೈಟ್ ಬೇಕೆಂದಿಲ್ಲ. ಹತ್ತಿಪ್ಪತ್ತು ಗಿರಾಕಿ ಇದ್ದರೆ ವಾಟ್ಸಾಪ್ ಸಾಕು. ಮಾಡಿಸುವುದಾದರೆ ಒಂದು ವಾರ ಕಾಗದದ ಮೇಲೆ ಕಳೆಯಿರಿ. ಆ ವಾರಕ್ಕೆ ಖರ್ಚಿಲ್ಲ.

ಈಗ ನಮಗೆ ಬರುವ ಫೋನುಗಳು "ಹಣ್ಣು ಇದೆಯಾ?" ಎಂದು ಶುರುವಾಗುವುದು ಕಮ್ಮಿ. "ರಸಪುರಿ ಒಂದು ಪೆಟ್ಟಿಗೆ ಕಳಿಸಿ" ಎಂದೇ ಶುರು!