ಗಾಲಿಮನೆಗೆ ವಿದ್ಯುತ್ತನ್ನು ಕೂಡಿಸುವ ಮುನ್ನ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ರಜೆಯಲ್ಲಿ ಮೋಟಾರಿನ ಹಿಂದೆ ಟ್ರೇಲರ್ ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಮಕ್ಕಳೊಡನೆ ಸಂಚರಿಸುವುದುಂಟು. ಅಲ್ಲಿಯ ಬಿಡಾರದ ಬಯಲುಗಳಲ್ಲಿ ಗಾಡಿ ನಿಲ್ಲುವ ಎಡೆಯಲ್ಲಿ ವಿದ್ಯುತ್ತಿನ ಗಿಡ್ಡ ಕಂಬವೊಂದಿರುವುದು. ಅದರ 30 ಆಂಪೇರಿನ ಸಾಕೆಟ್ಟು 120 ವೋಲ್ಟುಗಳನ್ನು ಕೊಡತಕ್ಕದ್ದು. ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟೆಂದು ಭ್ರಮಿಸಿ 240 ವೋಲ್ಟುಗಳನ್ನು ಜೋಡಿಸಿದ ಕೆಲಸಗಾರರೂ ಉಂಟು. ಪ್ಲಗ್ಗು ಸರಿಯಾಗಿಯೇ ಕೂಡುವುದು. ಒಳಗಿನ ಯಂತ್ರಗಳು ಸುಟ್ಟುಹೋಗುವುವು.

ಇದಕ್ಕಿಂತಲೂ ಭಯಂಕರವಾದುದು ಭೂಸಂಪರ್ಕದ ತಂತಿ ಬಿಟ್ಟುಹೋಗಿರುವುದು. ಅದಿಲ್ಲದಿದ್ದರೂ ದೀಪ ಉರಿಯುವುದು, ಪಂಖ ತಿರುಗುವುದು. ಕೊರತೆ ಯಾರಿಗೂ ತೋರದು. ಗಾಡಿಯೊಳಗೆ ಎಲ್ಲಾದರೂ ತಂತಿಯ ಹೊದಿಕೆ ಸವೆದಿದ್ದರೆ ಲೋಹದ ಮೈಯಲ್ಲೆಲ್ಲಾ ವಿದ್ಯುತ್ತು ವ್ಯಾಪಿಸುವುದು. ರಬ್ಬರಿನ ಗಾಲಿಗಳ ಮೇಲಿರುವ ಗಾಡಿಯಿಂದ ಅದು ಸುಲಭವಾಗಿ ನೆಲಕ್ಕಿಳಿಯದು. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಯನ್ನು ಮುಟ್ಟಿದ ಮಗುವಿನ ಮೂಲಕ ಇಳಿಯುವುದು.

ಆದಕಾರಣ ಮೊದಲು ಕಂಬದ ಬ್ರೇಕರ್ ಸ್ವಿಚ್ಚನ್ನು ಆರಿಸಿ, ಸಾಕೆಟ್ಟಿನಲ್ಲಿ ಸುಟ್ಟ ಕಲೆ, ಬಿರುಕು, ತೇವ ಇವೆಯೋ ನೋಡಿರಿ. ಇದ್ದರೆ ಬೇರೆ ಸ್ಥಳವನ್ನು ಕೇಳಿರಿ. ಇದರಲ್ಲಿ ಸಂಕೋಚ ಸಲ್ಲದು. ಬಳಿಕ ಸ್ವಿಚ್ಚನ್ನು ಹಾಕಿ ಮೀಟರಿನಿಂದ ಅಳೆದಾಗ, ಜೀವತಂತಿಗೂ ತಟಸ್ಥ ತಂತಿಗೂ ನಡುವೆ 120ರ ಸಮೀಪ, ಜೀವತಂತಿಗೂ ಭೂತಂತಿಗೂ ನಡುವೆ ಅಷ್ಟೇ, ತಟಸ್ಥಕ್ಕೂ ಭೂತಂತಿಗೂ ನಡುವೆ ಸೊನ್ನೆಯ ಸಮೀಪ ಬರಬೇಕು. ಮೀಟರಿನ ಅಭ್ಯಾಸವಿಲ್ಲದವರು ಪ್ಲಗ್ಗಿನಂತೆ ಸಿಕ್ಕಿಸುವ ಪರೀಕ್ಷಕವನ್ನೇ ಕೊಳ್ಳಲಿ. ಮತ್ತೆ ಸ್ವಿಚ್ಚನ್ನು ಆರಿಸಿ, ಗಾಡಿಯ ಕೇಬಲ್ಲನ್ನು ಕೂಡಿಸಿ, ಅನಂತರವೇ ಹಾಕತಕ್ಕದ್ದು. ಮುಟ್ಟದೆಯೇ ವಿದ್ಯುತ್ತನ್ನು ತೋರಿಸುವ, ಲೇಖನಿಯಂತಹ ಉಪಕರಣವನ್ನು ಗಾಡಿಯ ಮೈಗೆ ಹಿಡಿದು ನೋಡುವವರೆಗೆ ಮಕ್ಕಳು ಮೋಟಾರಿನಲ್ಲಿಯೇ ಕುಳಿತಿರಲಿ.