ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ

ದೊಡ್ಡನೆಕ್ಕುಂದಿಯ ಪಿಜಿಗಳಲ್ಲಿರುವ ಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ಮೊದಲ ಸಂಬಳ ಬಂತೆಂದರೆ ಫೋನು, ಎರಡನೆಯದಕ್ಕೆ ಗಾಡಿಯ ಮುಂಗಡ, ಮೂರನೆಯದು ಬರುವಷ್ಟರಲ್ಲಿ ತೋಳಿನ ಮೇಲೊಂದು ಟ್ಯಾಟೂ. ಹಾಕಿಸಿಕೊಳ್ಳಬೇಡಿ ಎಂದು ನಾನು ಹೇಳಿದರೂ ನೀವು ಕೇಳುವವರಲ್ಲ, ಅದು ನನಗೂ ಗೊತ್ತು. ನಿಮ್ಮ ಮೈ, ನಿಮ್ಮ ಇಷ್ಟ. ಆದರೆ ಚಪ್ಪಲಿ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ನೀವು, ಮೈಗೆ ಸೂಜಿ ಚುಚ್ಚಿಸಿಕೊಳ್ಳಲು ಮಾತ್ರ ಇನ್‌ಸ್ಟಾಗ್ರಾಮಿನಲ್ಲಿ ಕಂಡ ಮೊದಲ ಆಫರಿಗೇ ಹೊರಟುಬಿಡುತ್ತೀರಲ್ಲ, ನನ್ನ ತಕರಾರು ಅದಕ್ಕೆ.

2025ರ ಆರಂಭದಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಟ್ಯಾಟೂ ಶಾಯಿಯ ಮಾದರಿಗಳಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿದಂತೆ 22 ಲೋಹಗಳು ಸಿಕ್ಕಿವೆ ಎಂದು ಹೇಳಿದ್ದು ನಿಮಗೂ ನೆನಪಿರಬಹುದು. ಟ್ಯಾಟೂಗೆ ಕಾನೂನಿನ ಕಡಿವಾಣ ಬೇಕೆಂದು ಕೇಂದ್ರಕ್ಕೆ ಬರೆಯುವುದಾಗಿಯೂ ಆಗ ಹೇಳಿದ್ದರು. ಒಂದು ವಾರ ಎಲ್ಲರ ಬಾಯಲ್ಲೂ ಶಾಯಿಯದೇ ಮಾತು. ಶಾಯಿಯ ಚಿಂತೆ ಇರಲಿ, ಬೇಡವೆನ್ನುವುದಿಲ್ಲ. ನನ್ನನ್ನು ಕೇಳಿದರೆ ಅದಕ್ಕಿಂತ ಹತ್ತಿರದ ಅಪಾಯ ಸೂಜಿಯದು, ಕೈಯದು, ನೀರಿನದು. ಲೋಹ ಏನು ಮಾಡುತ್ತದೋ ತಿಳಿಯಲು ವರ್ಷಗಳೇ ಬೇಕು. ಕೊಳಕು ಸೂಜಿ ತನ್ನ ಕೆಲಸವನ್ನು ಅವತ್ತೇ ಮುಗಿಸಿರುತ್ತದೆ.

ಹೇಗೆಂದರೆ, ಟ್ಯಾಟೂ ಸೂಜಿ ಚರ್ಮದ ಮೇಲ್ಪದರ ದಾಟಿ ಒಂದೆರಡು ಮಿಲಿಮೀಟರ್ ಒಳಗೆ, ರಕ್ತ ಓಡಾಡುವ ಪದರಕ್ಕೆ ಇಳಿಯುತ್ತದೆ. ನಿಮಗಿಂತ ಮೊದಲು ಕೂತವರ ರಕ್ತ ಅದರಲ್ಲಿ ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ದಾಟಿಕೊಳ್ಳಲು ದಾರಿಯಾಯಿತು. ಇವುಗಳಲ್ಲಿ ಹೆಪಟೈಟಿಸ್ ಬಿ ವೈರಸ್ ಬಲು ಗಟ್ಟಿಗ. ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಜೀವ ಹಿಡಿದಿರುತ್ತದೆ. ಸೂಜಿಯನ್ನು ಡೆಟಾಲಿನಲ್ಲಿ ಅದ್ದಿದೆ, ಬಿಸಿನೀರಿನಲ್ಲಿ ಕುದಿಸಿದೆ ಎಂದು ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಒಬ್ಬರಿಗೆ ಬಳಸಿದ ಸೂಜಿಯ ಜಾಗ ಕಸದ ಡಬ್ಬಿ, ಅದೂ ಚೂಪಾದ ವಸ್ತುಗಳಿಗೆಂದೇ ಇಟ್ಟ ಗಟ್ಟಿ ಡಬ್ಬಿ. ಮತ್ತೆ ಬಳಸುವ ಸ್ಟೀಲಿನ ಹಿಡಿಗಳು ಆಟೋಕ್ಲೇವಿನಲ್ಲಿ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಬೇಯಬೇಕು.

‘ಅಜ್ಜಿಯ ಕಾಲದಲ್ಲಿ ಕೊರವಂಜಿ ಬಂದು ಬೀದಿಗೆಲ್ಲ ಹಚ್ಚೆ ಹೊಯ್ಯುತ್ತಿದ್ದಳು, ಯಾರಿಗೇನಾಯಿತು?’ ಎಂದು ನನ್ನ ಬಾಯಿ ಮುಚ್ಚಿಸಲು ಬರುತ್ತೀರಿ. ಹೆಪಟೈಟಿಸ್ ಬಿ ವೈರಸ್ ಪತ್ತೆಯಾದದ್ದೇ 1960ರ ದಶಕದಲ್ಲಿ ಕಣಪ್ಪ. ಅಲ್ಲಿಯವರೆಗೆ ಕಾಮಾಲೆ ಬಂದು ಸತ್ತವರಿಗೆ ರೋಗ ಎಲ್ಲಿಂದ ಬಂತೆಂದು ಯಾರು ಲೆಕ್ಕ ಇಟ್ಟಿದ್ದರು?

ಅಂಗಡಿಗೆ ಹೋದಿರಿ ಎನ್ನಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಏಸಿ, ನಿಯಾನ್ ದೀಪ, ಗೋಡೆ ತುಂಬ ಚಿತ್ರ ಇದ್ದ ಮಾತ್ರಕ್ಕೆ ಚೊಕ್ಕಟ ಎಂದುಕೊಳ್ಳಬೇಡಿ. ನೋಡಬೇಕಾದ್ದು ಕಲಾವಿದನ ಕೈಯನ್ನು. ಸೂಜಿಯ ಸೀಲು ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು. ಅದರ ಮೇಲಿನ ತಾರೀಖು ಓದಿ, ಓದಲು ನಾಚಿಕೆ ಬೇಡ. ಶಾಯಿಯನ್ನು ದೊಡ್ಡ ಬಾಟಲಿಯಿಂದ ಬೆರಳ ತುದಿಯಷ್ಟಗಲದ ಹೊಸ ಬಟ್ಟಲಿಗೆ ಸುರಿಯಬೇಕು, ನಿಮ್ಮ ಕೆಲಸ ಮುಗಿದ ಮೇಲೆ ಉಳಿದದ್ದು ಚೆಲ್ಲಬೇಕೇ ಹೊರತು ಬಾಟಲಿಗೆ ವಾಪಸ್ ಹೋಗಕೂಡದು. ಕೂದಲು ತೆಗೆಯುವ ಬ್ಲೇಡೂ ಹೊಸದೇ ಆಗಬೇಕು. ಇನ್ನು ಕೈಗವಸು. ಹಾಕಿಕೊಂಡಿರುತ್ತಾರೆ, ಇಲ್ಲವೆಂದಲ್ಲ. ನಡುವೆ ಫೋನು ಬಂತು, ಅದೇ ಕೈಯಲ್ಲಿ ಎತ್ತಿದರು, ‘ಐದು ನಿಮಿಷ ಮಗಾ’ ಎಂದರು, ಬಾಗಿಲ ಚಿಲಕ ಹಿಡಿದರು, ಮತ್ತೆ ಬಂದು ನಿಮ್ಮ ಹಸಿ ಗಾಯದ ಮೇಲೇ ಕೈಯಿಟ್ಟರು. ಅಲ್ಲಿಗೆ ಗವಸು ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ‘ಅಣ್ಣಾ, ಗ್ಲೌಸ್ ಬದಲಾಯಿಸಿ’ ಎಂದು ಬಾಯಿಬಿಟ್ಟು ಹೇಳಿ. ಬೇಸರ ಮಾಡಿಕೊಳ್ಳುವವನ ಹತ್ತಿರ ಹಾಕಿಸಿಕೊಳ್ಳಲೇಬೇಡಿ.

ನೀರಿನ ಮಾತು ಯಾರೂ ಆಡುವುದಿಲ್ಲ, ನಾನು ಆಡುತ್ತೇನೆ. ಕಪ್ಪು ಶಾಯಿಗೆ ನೀರು ಬೆರೆಸಿ ಬೂದು ಬಣ್ಣ ಮಾಡುವುದುಂಟು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 2011ರ ಕೊನೆಯಲ್ಲಿ 19 ಜನರಿಗೆ ಟ್ಯಾಟೂ ಜಾಗದಲ್ಲೇ ಕೆಂಪು ಗುಳ್ಳೆಗಳೆದ್ದವು. ಕಾರಣ ನೀರಿನಲ್ಲಿ ಬದುಕುವ, ಕ್ಷಯದ ಕ್ರಿಮಿಯ ದಾಯಾದಿಯಾದ ಒಂದು ಬ್ಯಾಕ್ಟೀರಿಯಾ. ತಯಾರಕರಿಂದಲೇ ಬೆರೆಸಿ ಬಂದ ಬೂದು ಶಾಯಿಯಲ್ಲಿ ಅದು ಕೂತಿತ್ತು. ಅಲ್ಲೇ ಹಾಗಾದರೆ ನಮ್ಮ ಟ್ಯಾಂಕರ್ ನೀರು, ಬೋರ್‌ವೆಲ್ ನೀರಿನ ಗತಿ ಏನು? ಶಾಯಿಗೆ ಬೆರೆಸುವ ನೀರು ಸ್ಟೆರೈಲ್ ಆಗಿರಬೇಕು, ನಲ್ಲಿಯದಲ್ಲ, ಬಿಸ್ಲೆರಿಯದೂ ಅಲ್ಲ.

ಪಿಜಿಯ ರೂಮಿನಲ್ಲಿ, ಆನ್‌ಲೈನಿನಲ್ಲಿ ತರಿಸಿದ ಕಿಟ್ ಹಿಡಿದು, ಗೆಳೆಯನೇ ಗೆಳೆಯರಿಗೆಲ್ಲ ಹಾಕುವ ಆಟ ಮಾತ್ರ ಖಂಡಿತ ಬೇಡ. ಜಾತ್ರೆ, ಪರಿಷೆಗಳಲ್ಲಿ ಚಾಪೆ ಹಾಸಿ ಕೂತವರ ಬಳಿಯೂ ಬೇಡ. ಕಾಸಿಗೆ ತಕ್ಕ ಕಜ್ಜಾಯ. ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ ಇರುವವರು, ಸ್ಟೀರಾಯ್ಡ್ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳದೆ ಕುರ್ಚಿ ಹತ್ತಬೇಡಿ. ಬಸುರಿಯರು ಹೆರಿಗೆ ಆಗುವವರೆಗೆ ಕಾಯಿರಿ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸರ್ಕಾರದ ಕಡೆಯಿಂದ ಸಿಗತೊಡಗಿದ್ದು 2011ರ ಹೊತ್ತಿಗೆ. ನೀವು ಅದಕ್ಕಿಂತ ಮೊದಲು ಹುಟ್ಟಿದವರು. ಅಮ್ಮನಿಗೆ ಫೋನ್ ಮಾಡಿ ಕೇಳಿ, ಹಾಕಿಸಿಲ್ಲವೆಂದರೆ ಆರು ತಿಂಗಳಲ್ಲಿ ಮೂರು ಡೋಸ್ ಮುಗಿಸಿ, ಆಮೇಲೆ ಚಿತ್ರ ಆರಿಸಿ. ಆತುರಗಾರನಿಗೆ ಬುದ್ಧಿ ಮಟ್ಟ. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ.

ಹಾಕಿಸಿಕೊಂಡು ಬಂದ ಮೇಲೆ ಅದು ಚಿತ್ರವಲ್ಲ, ಗಾಯ. ಸಾಬೂನಿನಿಂದ ಕೈ ತೊಳೆದುಕೊಂಡೇ ಮುಟ್ಟಿ. ಕಾಯಿಸಿ ಆರಿಸಿದ ನೀರು, ಮೆದು ಸಾಬೂನಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ. ರೂಮ್‌ಮೇಟಿನ ಟವೆಲ್ ಬೇಡ. ಅರಿಶಿನ, ಟೂತ್‌ಪೇಸ್ಟ್, ಅಡುಗೆಮನೆಯ ಕೊಬ್ಬರಿ ಎಣ್ಣೆ ಯಾವುದೂ ಬೇಡ. ಭುಜದ ಮೇಲಿದ್ದರೆ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಅಲ್ಲಿ ಉಜ್ಜದ ಹಾಗೆ ನೋಡಿಕೊಳ್ಳಿ. ರಿಂಗ್ ರಸ್ತೆಯ ಧೂಳಿನಲ್ಲಿ ಬೈಕ್ ಓಡಿಸುವಾಗ ಸಡಿಲವಾದ ಹತ್ತಿ ಅಂಗಿಯಿಂದ ಮುಚ್ಚಿ. ಗಾಯ ಪೂರ್ತಿ ಮಾಯುವವರೆಗೆ, ಅಂದರೆ ಎರಡು ಮೂರು ವಾರ, ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಇಳಿಯಬೇಡಿ. ಹಕ್ಕಳೆ ಕೀಳುವ ಚಪಲ ಬಿಡಿ.

ಮೊದಲ ಎರಡು ಮೂರು ದಿನ ಸ್ವಲ್ಪ ಕೆಂಪು, ಸ್ವಲ್ಪ ಊತ, ತಿಳಿನೀರು ಇದ್ದದ್ದೇ. ಆಮೇಲೂ ನೋವು ಏರುತ್ತಿದ್ದರೆ, ಕೀವು ಬಂದರೆ, ಜ್ವರ ಕಾಣಿಸಿದರೆ, ಕೆಂಪು ಗೆರೆ ಮೇಲಕ್ಕೆ ಹರಿದರೆ ಅವತ್ತೇ ಡಾಕ್ಟರ ಬಳಿ ಹೋಗಿ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳಿ, ಗೆರೆ ದಾಟಿದರೆ ಸೋಂಕು ಹಬ್ಬುತ್ತಿದೆ ಎಂದರ್ಥ. ಮೆಡಿಕಲ್ ಶಾಪಿನವನು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆ ತಗ್ಗಿಸಿ ಸೋಂಕನ್ನು ಬೆಳೆಸುತ್ತದೆ. ವಾರಗಳ ನಂತರ ಗುಳ್ಳೆ ಎದ್ದರೆ ಚರ್ಮದ ಡಾಕ್ಟರಿಗೆ ಟ್ಯಾಟೂ ವಿಷಯ ಹೇಳಲೇಬೇಕು. ರಾಚೆಸ್ಟರ್‌ನಲ್ಲಿ ಕಂಡ ಜಾತಿಯ ಕ್ರಿಮಿ ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ.

ಬೇರೆಯವರಿಗೆ ಬಳಸಿದ ಸೂಜಿಯೇ ಚುಚ್ಚಿತು ಎಂದು ಗೊತ್ತಾದರೆ ಅಳುತ್ತಾ ಕೂರಬೇಡಿ, ಗೂಗಲ್ ಮಾಡುತ್ತಲೂ ಕೂರಬೇಡಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಬೇಕೋ ಬೇಡವೋ ಡಾಕ್ಟರು ತೀರ್ಮಾನಿಸುತ್ತಾರೆ. ಲಸಿಕೆ ಹಾಕಿಸಿರದಿದ್ದರೆ ಹೆಪಟೈಟಿಸ್ ಬಿ ಚುಚ್ಚುಮದ್ದೂ ಒಂದು ದಿನದೊಳಗೆ ಆದರೆ ಒಳ್ಳೆಯದು. ನಿಮಗೆ ಹತ್ತಿರ ಕೆ.ಆರ್.ಪುರದ ಸರ್ಕಾರಿ ಆಸ್ಪತ್ರೆ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆ ಇವೆ. ಶಿವಾಜಿನಗರದ ಬೌರಿಂಗ್ ಕೂಡ ದೂರವಿಲ್ಲ. ದಾರಿ ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ದುಡ್ಡಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಮೊದಲ ಸಲ ಏನೂ ಕಾಣದಿದ್ದರೂ ಡಾಕ್ಟರು ಹೇಳಿದ ದಿನ ಮತ್ತೆ ಹೋಗಿ ಮಾಡಿಸಿ. ಕಂಪನಿಗೆ ಗೊತ್ತಾಗುತ್ತದೆಂಬ ಭಯ ಬೇಡ, ಎಚ್‌ಐವಿ ಫಲಿತಾಂಶದ ಗುಟ್ಟು ಕಾಯಲು 2017ರ ಕಾಯ್ದೆಯೇ ಇದೆ.

ಇನ್ನೊಂದು ಮಾತು. ಟ್ಯಾಟೂ ಆದ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಆಫೀಸಿನ ಶಿಬಿರದಲ್ಲಿ ಸರ್ಟಿಫಿಕೇಟಿನ ಆಸೆಗೆ ತೋಳು ಮುಚ್ಚಿಕೊಂಡು ಸಾಲಿನಲ್ಲಿ ನಿಲ್ಲಬೇಡಿ. ಫಾರ್ಮಿನಲ್ಲಿ ಕೇಳುತ್ತಾರೆ, ಇದ್ದದ್ದು ಇದ್ದ ಹಾಗೆ ಬರೆಯಿರಿ.